ಆತನ ಮ್ಯಾಲ ಭಾರ ಹಾಕು

ಮಗಳನ್ನು ದೂರದ ಊರಿನ ಹಾಸ್ಟೆಲ್ಲಿಗೆ ಬಿಟ್ಟು ಒಬ್ಬನೇ ಬಸ್ಸು ಹತ್ತುವ ತಂದೆ, ಗಂಡನ ಆಪರೇಷನ್ನಿಗೆ ಒಪ್ಪಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವ ಹೆಂಗಸು, ಮೋಡದ ಕಡೆ ನೋಡುತ್ತಲೇ ಕೂರಿಗೆ ಹೂಡುವ ರೈತ, ಇವರೆಲ್ಲರ ಬಾಯಲ್ಲಿ ಒಂದೇ ಮಾತು: ದೇವರ ಮೇಲೆ ಭಾರ ಹಾಕಿದ್ದೇನೆ. ಯಾವ ದೇವರು ಎಂದು ಯಾರೂ ಕೇಳುವುದಿಲ್ಲ. ಕನ್ನಡ ಮಾತಾಡುವ ಎಲ್ಲ ಮತದವರಿಗೂ ಈ ಮಾತು ಬೇಕಾಗಿದೆ, ಎಲ್ಲರೂ ಬಳಸುತ್ತಾರೆ.

ನಮ್ಮ ಮನೆಯಲ್ಲಿ ಆಯಿ, ನನ್ನ ಅಜ್ಜಿ, ಇದನ್ನು ಸ್ವಲ್ಪ ಬೇರೆ ರೀತಿಯಲ್ಲಿ ಹೇಳುತ್ತಿದ್ದಳು. ಗದಗದ ಕಡೆಯ ಹಳ್ಳಿಯವಳು, ಅಕ್ಷರ ಬಾರದವಳು. ವಾರಕ್ಕೊಮ್ಮೆ ಮನೆ ಮನೆಗಳಲ್ಲಿ ಸೇರುವ ಪ್ರಾರ್ಥನೆಯಲ್ಲಿ ಕುಳಿತು, ಓದುವವರ ಬಾಯಿ ನೋಡುತ್ತ ನೋಡುತ್ತ ಎಷ್ಟೋ ಕೀರ್ತನೆಗಳನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಪರೀಕ್ಷೆಯ ಹಿಂದಿನ ರಾತ್ರಿ ನಾನು ನಿದ್ದೆಗೆಟ್ಟು ಹೊರಳಾಡುತ್ತಿದ್ದರೆ ಕತ್ತಲಲ್ಲೇ ಅವಳ ದನಿ ಬರುತ್ತಿತ್ತು: "ಓದೂದು ಓದೀದಿಲ್ಲೋ ತಮ್ಮಾ? ಇನ್ನ ಆತನ ಮ್ಯಾಲ ಭಾರ ಹಾಕಿ ಮಲ್ಕೊ. ಆತ ಎಚ್ಚರ ಇರ್ತಾನ." ಆತ ಎಂದರೆ ಯಾರು ಎಂದು ಅವಳು ಬಿಡಿಸಿ ಹೇಳಿದ್ದಿಲ್ಲ, ನಾನು ಕೇಳಿದ್ದೂ ಇಲ್ಲ. ಆ ಮನೆಯಲ್ಲಿ ಹುಟ್ಟಿದವರಿಗೆ ಆ ಸರ್ವನಾಮ ಸಾಕಾಗಿತ್ತು.

ಈಗ ಐವತ್ತು ದಾಟಿದ ಮೇಲೆ, ಆ ಮಾತಿನ ನಡುವೆ ಕೂತಿರುವ 'ಭಾರ' ಎಂಬ ಪುಟ್ಟ ಪದದ ಬಗ್ಗೆ ಯೋಚಿಸುವ ಹುಚ್ಚು ಹಿಡಿದಿದೆ.

ತೂಕದ ಒಂದು ಅಳತೆಗೂ ಹೆಸರಾಗಿದ್ದ ಪದ ಅದು. ಹಳೆಯ ಸಂಸ್ಕೃತದ ಲೆಕ್ಕದಲ್ಲಿ 20 ತುಲೆಗಳಿಗೆ, ಅಂದರೆ 2000 ಪಲಗಳಿಗೆ ಒಂದು ಭಾರ. ಆದರೆ ಯಾವ ಭಾಷೆಯೂ ತಕ್ಕಡಿಯ ಪದವನ್ನು ತಕ್ಕಡಿಯಲ್ಲೇ ಬಿಟ್ಟುಬಿಡುವುದಿಲ್ಲ. ಕನ್ನಡದಲ್ಲಿ ತಲೆ ಭಾರವಾಗುತ್ತದೆ, ರೆಪ್ಪೆ ಭಾರವಾಗುತ್ತದೆ, ಸಾವಿನ ಮನೆಯಿಂದ ಹಿಂತಿರುಗುವಾಗ ಹೆಜ್ಜೆ ಭಾರವಾಗುತ್ತದೆ. ಹೊಲ ಕೊಳ್ಳುವವನು ನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ ಕೇಳುತ್ತಾನೆ; ಆ ಮಣ್ಣಿನ ಮೇಲೆ ಯಾರ ಸಾಲ ಕೂತಿದೆಯೋ ತಿಳಿಯಬೇಕಲ್ಲ. ಕಾಲೇಜಿನ ಅತಿಥಿ ಉಪನ್ಯಾಸಕರು ಪ್ರತಿ ವರ್ಷ ಕಾರ್ಯಭಾರದ ಪಟ್ಟಿ ಹೊರಬೀಳುವುದನ್ನೇ ಕಾಯುತ್ತಾರೆ; ಅವರ ಪಾಲಿಗೆ ಭಾರ ಕಡಿಮೆಯಾದರೆ ಅನ್ನ ಕಡಿಮೆಯಾದಂತೆ. ನನಗೆ ಎಲ್ಲಕ್ಕಿಂತ ಇಷ್ಟವಾದ ರೂಪ 'ಆಭಾರಿ'. ಯಾರೋ ಉಪಕಾರ ಮಾಡಿದಾಗ ನಾವು ಹಗುರಾದೆವು ಎನ್ನಬೇಕಿತ್ತು. ಕನ್ನಡಿಗ ಆ ಉಪಕಾರವನ್ನೂ ಒಂದು ತೂಕವಾಗಿ ಹೊತ್ತುಕೊಳ್ಳುತ್ತಾನೆ, ಮರೆಯದಿರಲು.

'ಭಾರ'ದ ಪಕ್ಕದಲ್ಲೇ ಅಚ್ಚಗನ್ನಡದ 'ಹೊರೆ' ಇದೆ. ನಮ್ಮ ಕಡೆ ಕಟ್ಟಿಗೆ ಹೊರಿ, ಕಣಿಕಿ ಹೊರಿ. ಕರಾವಳಿಯ ಕಡೆ ಅದೇ ಹೊರೆ ತೆಂಗಿನಕಾಯಿ, ಅಕ್ಕಿ, ತರಕಾರಿಗಳೊಂದಿಗೆ ಮೆರವಣಿಗೆಯಲ್ಲಿ ಹೊರಟು ಹೊರೆಕಾಣಿಕೆಯಾಗುತ್ತದೆ. ನಮ್ಮ ಕ್ರೈಸ್ತ ಸಭೆಯ ಸುಗ್ಗಿ ಹಬ್ಬದ ದಿನ ಜೋಳದ ಚೀಲ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ ಎಲ್ಲ ದೇವಾಲಯದ ಮುಂದೆ ಬಂದು ಸೇರುತ್ತಿದ್ದವು. ಆಯಿ ತನ್ನ ಪಾಲಿನ ಕಾಳನ್ನು ಸೆರಗಿನಲ್ಲಿ ಕಟ್ಟದೆ ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೇ ಹೊತ್ತು ತರುತ್ತಿದ್ದಳು. ಕಾಣಿಕೆಯಾದರೂ ತಲೆಗೆ ಅದರ ತೂಕ ತಿಳಿಯಬೇಕು ಎಂಬುದು ಅವಳ ವಾದ.

ಆಯಿ ಬಾಯಿಪಾಠ ಮಾಡಿಕೊಂಡಿದ್ದ ಕೀರ್ತನೆಗಳು ಕನ್ನಡ ಸತ್ಯವೇದದವು, ಅಂದರೆ ಬೈಬಲ್ಲಿನವು. ಅದಕ್ಕೆ ದೊಡ್ಡ ಚರಿತ್ರೆಯಿದೆ. 19ನೇ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅನುವಾದಕ್ಕೆ ಕೈಹಾಕಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಅದನ್ನು ತಿದ್ದುವ ಕೆಲಸಕ್ಕೆ ಕೂಡಿಕೊಂಡರು. ಹೀಬ್ರೂ ಬಲ್ಲವರೂ ಕನ್ನಡವೇ ಉಸಿರಾದವರೂ ಒಂದೇ ಮೇಜಿನ ಸುತ್ತ ಕೂತು ಒಂದೊಂದು ಪದಕ್ಕೂ ತಕ್ಕ ಪದ ಹುಡುಕಿದರು. ಆ ಹುಡುಕಾಟದಲ್ಲಿ ಸಿಕ್ಕ ಒಂದು ಜೋಡುಪದ ನನ್ನ ಪಾಲಿಗೆ ರತ್ನ. 55ನೇ ಕೀರ್ತನೆಯ 22ನೇ ವಚನದಲ್ಲಿ ಬರುವ 'ಚಿಂತಾಭಾರ'. ಅದನ್ನು ದೇವರ ಮೇಲೆ ಹಾಕಿಬಿಡಬೇಕು ಎಂದು ಆ ವಚನ ಹೇಳುತ್ತದೆ. ಜೊತೆಗೆ ಕ್ರಿಯಾಪದ ಯಾವುದು ನೋಡಿ: ಒಪ್ಪಿಸು, ಸಮರ್ಪಿಸು ಎಂಬ ಗುಡಿಮಾತು ಬಿಟ್ಟು 'ಹಾಕು'. ಸಂತೆಯ ಮಾತು, ಗಾಡಿ ಹೊಡೆಯುವವರ ಮಾತು. ಆಯಿಯ ಬಾಯಲ್ಲಿದ್ದದ್ದೂ ಅದೇ. ಸತ್ಯವೇದದಿಂದ ಅವಳ ಬಾಯಿಗೆ ಬಂತೋ, ಅವಳಂಥವರ ಬಾಯಿಂದ ಸತ್ಯವೇದಕ್ಕೆ ಹೋಯಿತೋ ಎಂದು ಬೇರ್ಪಡಿಸಲು ಬಾರದಷ್ಟು ಎರಡೂ ಬೆರೆತುಹೋಗಿವೆ.

ಮೂಲ ಹೀಬ್ರೂವಿನಲ್ಲಿ ಅಲ್ಲಿರುವ ಪದ 'ಯೆಹಾವ್'. ಇಡೀ ಹಳೆಯ ಒಡಂಬಡಿಕೆಯಲ್ಲಿ ಆ ರೂಪ ಬರುವುದು ಅದೊಂದೇ ಕಡೆ. ಒಂದೇ ಸಲ ಬಂದ ಪದಕ್ಕೆ ಅರ್ಥ ಹೇಳುವುದು ಹೇಗೆ? ಹೋಲಿಸಿ ನೋಡಲು ಇನ್ನೊಂದು ವಾಕ್ಯವೇ ಇಲ್ಲ. ಯೆಹೂದಿ ಪಂಡಿತರಿಗೂ ಇದು ಗಂಟಾಗಿತ್ತು. ತಾಲ್ಮೂದ್ ಎಂಬ ಅವರ ಮಹಾಗ್ರಂಥದಲ್ಲಿ ಇದು ಬಿಡಿಸಿಕೊಂಡ ಕಥೆಯಿದೆ. ರಬ್ಬಾ ಬರ್ ಬರ್ ಹನಾ ಎಂಬ ಗುರು ಒಮ್ಮೆ ಹೊರೆ ಹೊತ್ತುಕೊಂಡು ದಾರಿಯಲ್ಲಿ ನಡೆಯುತ್ತಿದ್ದ. ಜೊತೆಗೊಬ್ಬ ಅರಬ ವ್ಯಾಪಾರಿ. ಗುರುವಿನ ಪಾಡು ನೋಡಲಾಗದೆ ಆ ವ್ಯಾಪಾರಿ, ನಿನ್ನ ಯೆಹಾವ್ ತೆಗೆದು ನನ್ನ ಒಂಟೆಯ ಮೇಲೆ ಹಾಕು ಎಂದನಂತೆ. ಪಾಠಶಾಲೆಯಲ್ಲಿ ತಲೆ ಕೆರೆದುಕೊಂಡರೂ ಹೊಳೆಯದ ಅರ್ಥ ಅಲ್ಲಿ, ಧೂಳಿನ ದಾರಿಯಲ್ಲಿ, ಬೇರೆ ಜನದವನೊಬ್ಬನ ಕರುಣೆಯ ಮಾತಿನಲ್ಲಿ ಹೊಳೆಯಿತು. ಅದೇ ಪ್ರಸಂಗದಲ್ಲಿ, ಇನ್ನೊಂದು ಕಠಿಣ ಪದದ ಅರ್ಥವನ್ನು ಪಂಡಿತರು ಮನೆಗೆಲಸದ ಹೆಂಗಸೊಬ್ಬಳು ಪೊರಕೆ ತೆಗೆದುಕೊಳ್ಳಲು ಹೇಳಿದಾಗ ಕಲಿತರು ಎಂಬ ಸಂಗತಿಯೂ ಇದೆ.

ಈ ಕಥೆ ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ. ಶಾಸ್ತ್ರದ ಮಾತೊಂದು ಅರ್ಥವಾಗಬೇಕಾದರೆ ಯಾರಾದರೂ ನಮ್ಮ ಹೊರೆಗೆ ನಿಜವಾಗಿಯೂ ಕೈ ನೀಡಬೇಕು. ನಿಘಂಟು ಅಷ್ಟು ದೂರ ಬರಲಾರದು.

ಇನ್ನು ಆ ಕೀರ್ತನೆಯನ್ನು ಪೂರ್ತಿ ಓದಿದರೆ ಭಾರ ಯಾವುದು ಎಂದು ತಿಳಿಯುತ್ತದೆ. ಅಲ್ಲಿ ಹಾಡುವವನನ್ನು ನೋಯಿಸಿದವನು ವೈರಿಯಲ್ಲ. ಜೊತೆಯಲ್ಲೇ ದೇವಾಲಯಕ್ಕೆ ನಡೆದ ಗೆಳೆಯ, ಗುಟ್ಟು ಹಂಚಿಕೊಂಡವನು, ಅವನೇ ತಿರುಗಿಬಿದ್ದಿದ್ದಾನೆ. ಹಾಡುಗನಿಗೆ ಊರು ಬಿಟ್ಟು ಹಾರಿಹೋಗಬೇಕೆನಿಸುತ್ತದೆ, ಪಾರಿವಾಳದ ರೆಕ್ಕೆ ಬೇಕೆನಿಸುತ್ತದೆ. ರೆಕ್ಕೆ ಸಿಗುವುದಿಲ್ಲ. ಸಂಜೆ, ಮುಂಜಾನೆ, ನಡುಹಗಲು ಎಂದು ಮೂರು ಹೊತ್ತು ನರಳುತ್ತ ಪ್ರಾರ್ಥಿಸುತ್ತಾನೆ. ಯೆಹೂದ್ಯರಿಗೆ ದಿನ ಶುರುವಾಗುವುದು ಸಂಜೆಯಿಂದ, ಹಾಗಾಗಿ ಮೊದಲ ಪ್ರಾರ್ಥನೆ ಸಂಜೆಯದು. ಮೊದಲು ಭಾರ ಇಳಿಸಿ ಮಲಗುವುದು, ಕೆಲಸ ಆಮೇಲೆ. ಆಯಿಯ ಕ್ರಮವೂ ಹಾಗೇ ಇತ್ತು.

ಒಂದು ಸೂಕ್ಷ್ಮವನ್ನು ಬಹಳ ವರ್ಷ ನಾನು ಗಮನಿಸಿರಲಿಲ್ಲ. ಭಾರ ಹಾಕು ಎಂದ ಮೇಲೆ, ಆತ ಆ ಭಾರವನ್ನು ತೆಗೆದು ಬಿಸಾಡುತ್ತಾನೆ ಎಂದು ಆ ವಚನ ಹೇಳುವುದಿಲ್ಲ. ಅಲ್ಲಿರುವ ಭರವಸೆ ಬೇರೆ: ಆತ ನಿನ್ನನ್ನು ನೋಡಿಕೊಳ್ಳುತ್ತಾನೆ. ಹೀಬ್ರೂ ಕ್ರಿಯಾಪದಕ್ಕೆ ಅನ್ನ ಕೊಟ್ಟು ಸಾಕುವುದು ಎಂಬ ಅರ್ಥ. ಬರಗಾಲದಲ್ಲಿ ಯೋಸೇಫ ತನ್ನ ತಂದೆ ಮತ್ತು ಅಣ್ಣತಮ್ಮಂದಿರ ಕುಟುಂಬಗಳನ್ನು ಐಗುಪ್ತದಲ್ಲಿ ಪೋಷಿಸಿದ್ದಕ್ಕೂ, ಹಳ್ಳದ ದಂಡೆಯಲ್ಲಿ ಅಡಗಿದ್ದ ಎಲೀಯನಿಗೆ ಕಾಗೆಗಳು ರೊಟ್ಟಿ ತಂದುಕೊಟ್ಟದ್ದಕ್ಕೂ ಅದೇ ಕ್ರಿಯಾಪದ. ಕನ್ನಡದಲ್ಲಿ ಅದಕ್ಕೆ ಸರಿಸಾಟಿಯಾದ ಹಳೆಯ ಮಾತಿದೆ, ಸಲಹು. ಕಾಯುವುದೂ ಅದರಲ್ಲಿದೆ, ಉಣಿಸುವುದೂ ಇದೆ. ಭಾರ ಹಾಕಿದ ಮಾರನೆಯ ಬೆಳಿಗ್ಗೆ ಸಾಲ ಹಾಗೇ ಇರಬಹುದು, ರೋಗ ಹಾಗೇ ಇರಬಹುದು, ಮಾತು ಬಿಟ್ಟ ಗೆಳೆಯ ಮಾತು ಬಿಟ್ಟೇ ಇರಬಹುದು. ಆದರೂ ಎದ್ದು ಮುಖ ತೊಳೆದು ಚಹಾ ಕಾಯಿಸುವಷ್ಟು ಕಸುವು ಎಲ್ಲಿಂದಲೋ ಬಂದಿರುತ್ತದೆ. ಕಾಗೆ ತಂದ ರೊಟ್ಟಿ ಅದು. ಅಂಥ ಎಷ್ಟೋ ಬೆಳಗುಗಳನ್ನು ನಾನು ಕಂಡಿದ್ದೇನೆ.

ಆಯಿ ಹೊಲಕ್ಕೆ ಬುತ್ತಿ ಒಯ್ಯುವಾಗ, ಬಾವಿಯಿಂದ ನೀರು ತರುವಾಗ ತಲೆಯ ಮೇಲೆ ಸಿಂಬಿ ಇಟ್ಟುಕೊಳ್ಳುತ್ತಿದ್ದಳು. ಹಳೆಯ ಸೀರೆಯ ಚೂರನ್ನು ಹುರಿಮಾಡಿ ಸುತ್ತಿದ ಒಂದು ಬಳೆ, ಅಷ್ಟೆ. ಅದರಿಂದ ಕೊಡದ ತೂಕ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಸಿಂಬಿಯಿಲ್ಲದೆ ಒಂದು ಫರ್ಲಾಂಗು ನಡೆದು ನೋಡಿ, ನೆತ್ತಿ ಉರಿಯುತ್ತದೆ, ಕೊಡ ಓಲಾಡುತ್ತದೆ. ದಿನ ಬೆಳಗಾಗೆದ್ದು ಓದುವ ಒಂದು ವಚನ ನನಗೆ ಆ ಸಿಂಬಿಯ ಹಾಗೆ. ಒಂದು ಅಧ್ಯಾಯ ಓದಲು ಪುರಸೊತ್ತಿಲ್ಲದ ದಿನಗಳೇ ಹೆಚ್ಚು. ಒಂದು ವಚನವನ್ನು ಬಾಯಲ್ಲೇ ಸುತ್ತಿಕೊಳ್ಳುತ್ತ ಮನೆಯಿಂದ ಹೊರಬೀಳುತ್ತೇನೆ. ಕಚೇರಿಯ ಕೆಲಸ, ಮಕ್ಕಳ ಫೀಸು, ತಮ್ಮನ ಕುಡಿತ, ಯಾವುದೂ ಅದರಿಂದ ಕರಗಿಲ್ಲ. ಹೊತ್ತು ನಡೆಯುವುದಕ್ಕೆ ಬಂದಿದೆ.

ಪೇತ್ರ ತನ್ನ ಮೊದಲ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಇದೇ ಕೀರ್ತನೆಯನ್ನು ನೆನೆಯುತ್ತಾನೆ. ಅವನು ಬಳಸುವ ಗ್ರೀಕ್ ಕ್ರಿಯಾಪದಕ್ಕೆ ಮೇಲೆ ಎಸೆದುಬಿಡು ಎಂಬ ಅರ್ಥ. ಹೊಸ ಒಡಂಬಡಿಕೆಯಲ್ಲಿ ಅದು ಇನ್ನೊಂದೇ ಒಂದು ಕಡೆ ಬರುತ್ತದೆ: ಯೆರೂಸಲೇಮಿನ ದಾರಿಯಲ್ಲಿ ಶಿಷ್ಯರು ತಮ್ಮ ಬಟ್ಟೆಗಳನ್ನು ಕತ್ತೆಮರಿಯ ಮೇಲೆ ಹಾಕಿ ಯೇಸುವನ್ನು ಕೂರಿಸುತ್ತಾರಲ್ಲ, ಲೂಕನ ಸುವಾರ್ತೆಯ ಆ ಸನ್ನಿವೇಶದಲ್ಲಿ. ಒಂಟೆಯ ಮೇಲೆ ಹೊರೆ, ಕತ್ತೆಯ ಮೇಲೆ ಮೈಮೇಲಿನ ಬಟ್ಟೆ. ಈ ಪದ ಎಲ್ಲಿಗೆ ಹೋದರೂ ಪ್ರಾಣಿಗಳ ಬೆನ್ನು, ದಾರಿಯ ಧೂಳು ಅದರ ಜೊತೆಗಿರುತ್ತವೆ. ಪೇತ್ರನ ವಾಕ್ಯದಲ್ಲಿ ಇನ್ನೊಂದು ಗುಟ್ಟಿದೆ. ದೇವರ ಕೈಕೆಳಗೆ ತಗ್ಗಿಸಿಕೊಳ್ಳಿರಿ ಎಂಬ ಮಾತಿಗೆ ಚಿಂತೆ ಹಾಕುವ ಮಾತು ಅಂಟಿಕೊಂಡೇ ಬರುತ್ತದೆ. ತಗ್ಗುವುದು ಹೇಗೆಂದರೆ ಹೀಗೆ ಹಾಕಿ ಎಂದಂತೆ. ಎಲ್ಲವೂ ನನ್ನಿಂದಲೇ ನಡೆಯಬೇಕು ಎಂದು ಬಿಗಿಹಿಡಿದವನಿಗೆ ಇದು ಕಷ್ಟ. ನನಗೆ ಈಗಲೂ ಕಷ್ಟ. ಸಂಜೆ ಮಂಡಿಯೂರಿ ಹಾಕಿದ ಭಾರವನ್ನು ರಾತ್ರಿ ಎರಡು ಗಂಟೆಗೆ ಎದ್ದು ವಾಪಸ್ಸು ಎತ್ತಿಕೊಂಡಿರುತ್ತೇನೆ. ಮತ್ತೆ ಹಾಕುತ್ತೇನೆ. ಪ್ರಾರ್ಥನೆಯ ಬಹುಪಾಲು ಈ ಹಾಕುವುದು, ಎತ್ತಿಕೊಳ್ಳುವುದು, ಮತ್ತೆ ಹಾಕುವುದರಲ್ಲೇ ಕಳೆಯುತ್ತದೆ.

ಹಾಗೆಂದು ದೇವರ ಮೇಲೆ ಭಾರ ಹಾಕುವ ಮಾತು ಸೋಮಾರಿತನಕ್ಕೆ ಹೊದಿಕೆಯಾಗಬಾರದು. ಆಯಿ ಮೊದಲು ಕೇಳುತ್ತಿದ್ದದ್ದು ಓದಿದ್ದೀಯೋ ಇಲ್ಲವೋ ಎಂದು. ಬೀಜ ಬಿತ್ತದವನು ಮಳೆಗಾಗಿ ದೇವರ ಮೇಲೆ ಭಾರ ಹಾಕಿದರೆ ಆ ಭಾರದಲ್ಲಿ ಕಾಳೇ ಇಲ್ಲ. ನನಗೆ ಇನ್ನೂ ಹೆಚ್ಚು ನೋವು ಕೊಡುವುದು ಬೇರೊಂದು ಬಗೆ. ಕಾಯಿಲೆಯವರ ಮಂಚದ ಬಳಿ ನಿಂತು, ನಿನ್ನ ನಂಬಿಕೆ ಸಾಲದು, ಸಾಕಷ್ಟು ನಂಬಿದ್ದರೆ ವಾಸಿಯಾಗುತ್ತಿತ್ತು ಎನ್ನುವವರಿದ್ದಾರೆ. ಔಷಧಿ ಬಿಡು, ಪ್ರಾರ್ಥನೆ ಸಾಕು ಎನ್ನುವವರೂ ಇದ್ದಾರೆ. ಮತ್ತಾಯನ 23ನೇ ಅಧ್ಯಾಯದಲ್ಲಿ ಯೇಸು ಸಿಟ್ಟಾಗುವುದು ಇಂಥವರ ಮೇಲೆಯೇ: ಭಾರವಾದ ಹೊರೆ ಕಟ್ಟಿ ಜನರ ಹೆಗಲ ಮೇಲೆ ಹೊರಿಸಿ, ತಾವು ಒಂದು ಬೆರಳೂ ತಾಕಿಸದವರ ಮೇಲೆ. ಬಳಲಿದವನಿಗೆ ಸಿಂಬಿ ಕೊಡಲಾಗದಿದ್ದರೆ ಹೋಗಲಿ, ಅವನ ಕೊಡದಲ್ಲಿ ಕಲ್ಲು ಹಾಕಬೇಡಿ.

ಪೌಲನ ಒಂದು ಮಾತು ಚಿಕ್ಕಂದಿನಲ್ಲಿ ನನ್ನನ್ನು ಬಹಳ ಗೊಂದಲಕ್ಕೆ ಹಾಕಿತ್ತು. ಗಲಾತ್ಯದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದ 2ನೇ ವಚನದಲ್ಲಿ ಒಬ್ಬರ ಭಾರ ಇನ್ನೊಬ್ಬರು ಹೊರಬೇಕು ಎನ್ನುತ್ತಾನೆ. ಮೂರು ವಚನ ದಾಟಿದರೆ, ಪ್ರತಿಯೊಬ್ಬನೂ ತನ್ನದನ್ನು ತಾನೇ ಹೊರಬೇಕು ಎನ್ನುತ್ತಾನೆ. ಯಾವುದು ನಿಜ? ಗ್ರೀಕಿನಲ್ಲಿ ಎರಡೂ ಕಡೆ ಬೇರೆ ಬೇರೆ ಪದಗಳಿವೆ ಎಂದು ನಂತರ ತಿಳಿಯಿತು. ಮೊದಲನೆಯದು 'ಬಾರೊಸ್', ಜಜ್ಜುವ ತೂಕ. ಕೇಳಿದರೆ ನಮ್ಮ 'ಭಾರ'ದ ನೆಂಟನಂತಿದೆ. ಎರಡನೆಯದು 'ಫೊರ್ತಿಯೊನ್', ಒಬ್ಬೊಬ್ಬರ ಪಾಲಿನ ಹೊರೆ. ಅಪೊಸ್ತಲರ ಕೃತ್ಯಗಳಲ್ಲಿ ಹಡಗಿನ ಸರಕಿಗೂ ಅದೇ ಪದ, ಯೇಸು ತನ್ನದು ಹಗುರ ಎಂದ ಹೊರೆಗೂ ಅದೇ. ವಿದ್ವಾಂಸರ ಈ ವಿವರಣೆ ಸರಿಯೇ. ಆದರೆ ನನಗೆ ಅದು ಮನದಟ್ಟಾದದ್ದು ಬಾವಿಕಟ್ಟೆಯ ನೆನಪಿನಿಂದ. ತುಂಬಿದ ಕೊಡವನ್ನು ನೆಲದಿಂದ ತಲೆಗೆ ಏರಿಸುವುದು ಒಬ್ಬಳ ಕೈಯಲ್ಲಿ ಆಗುವುದಿಲ್ಲ. "ಯವ್ವಾ, ಒಂಚೂರು ಕೈ ಹಚ್ಚ" ಎಂದು ಪಕ್ಕದವಳನ್ನು ಕರೆಯಲೇಬೇಕು. ಇಬ್ಬರೂ ಎತ್ತಿ, ಸಿಂಬಿಯ ಮೇಲೆ ಕೂರಿಸಿದ ಮೇಲೆ ಅವಳ ಕೊಡ ಅವಳದು, ಮನೆಯವರೆಗೆ ಅವಳೇ ನಡೆಯಬೇಕು. ನೆಲದಿಂದ ತಲೆಗೆ ಬರುವ ಆ ಮೂರು ಮೊಳದ ಎತ್ತರದಲ್ಲಿ ಎರಡನೆಯ ವಚನ, ಬಾವಿಯಿಂದ ಮನೆಗೆ ಹೋಗುವ ದಾರಿಯಲ್ಲಿ ಐದನೆಯ ವಚನ.

ನಮ್ಮ ಸಭೆಗಳಲ್ಲಿ 'ಭಾರ'ಕ್ಕೆ ಮತ್ತೊಂದು ಬಳಕೆಯಿದೆ, ಹೊರಗಿನವರು ಕೇಳಿರಲಾರರು. ಪ್ರಾರ್ಥನಾ ಕೂಟದ ಕೊನೆಗೆ ಯಾರಾದರೂ ಎದ್ದು, ನಮ್ಮ ಅಕ್ಕನ ಮಗನಿಗಾಗಿ ಸ್ವಲ್ಪ ಭಾರದಿಂದ ಪ್ರಾರ್ಥನೆ ಮಾಡ್ರಿ ಎನ್ನುತ್ತಾರೆ. ಆ ಹುಡುಗನಿಗಾಗಿ ನನಗೆ ಭಾರ ಅದ ಎಂದೂ ಹೇಳುತ್ತಾರೆ. ಇಲ್ಲಿ ಭಾರ ಇಳಿಸಬೇಕಾದ್ದಲ್ಲ, ಬೇಡಿ ಪಡೆಯಬೇಕಾದ್ದು. ಇದಕ್ಕೂ ಹಳೆಯ ಬೇರಿದೆ. ಹೀಬ್ರೂವಿನ 'ಮಸ್ಸಾ' ಎಂದರೆ ಹೊರೆ. ಪ್ರವಾದಿಯ ಬಾಯಿಂದ ಬರುವ ದೈವೋಕ್ತಿಗೂ ಅದೇ ಹೆಸರು. ದೇವರ ಮಾತು ಬಂದವನ ಮೇಲೆ ಒಂದು ತೂಕ ಬಂದು ಕೂರುತ್ತದೆ, ಹೇಳಿ ಮುಗಿಸುವವರೆಗೆ ಇಳಿಯುವುದಿಲ್ಲ. ಯೆರೆಮೀಯನ 23ನೇ ಅಧ್ಯಾಯದಲ್ಲಿ ಈ ಎರಡು ಅರ್ಥಗಳ ಮೇಲೆ ದೊಡ್ಡ ಜಟಾಪಟಿಯೇ ನಡೆಯುತ್ತದೆ. ಆ ಭಾಷೆಯಲ್ಲಿ ಮಹಿಮೆ ಎಂಬುದಕ್ಕೆ ಇರುವ 'ಕಾವೋದ್' ಕೂಡ ಭಾರ ಎಂಬ ಧಾತುವಿನಿಂದಲೇ ಬಂದದ್ದು. ಹಗುರವಾದದ್ದಕ್ಕೆ ಅಲ್ಲಿ ಮಹಿಮೆಯಿಲ್ಲ.

ಯೆಶಾಯನ 46ನೇ ಅಧ್ಯಾಯವನ್ನು ಆಯಿ ಕೊನೆಯ ದಿನಗಳಲ್ಲಿ ಮತ್ತೆ ಮತ್ತೆ ಓದಿಸುತ್ತಿದ್ದಳು. ಬಾಬೆಲಿನ ದೇವರುಗಳಾದ ಬೇಲ್ ಮತ್ತು ನೆಬೋ ದಣಿದ ಪಶುಗಳ ಬೆನ್ನ ಮೇಲೆ ಹೊರೆಯಾಗಿ ಸಾಗುತ್ತಿರುವ ಚಿತ್ರ ಮೊದಲು. ಆಮೇಲೆ ದೇವರು ತನ್ನ ಜನರಿಗೆ ಹೇಳುವ ಮಾತು: ಹುಟ್ಟಿದಂದಿನಿಂದ ಹೊತ್ತವನು ನಾನೇ, ತಲೆ ನರೆತ ಮೇಲೂ ಹೊರುವವನು ನಾನೇ ಎಂಬ ಭಾವದ್ದು. ನಾನು ಓದುತ್ತಿದ್ದರೆ ಅವಳು ತನ್ನ ಬಿಳಿ ಕೂದಲನ್ನು ಮೆಲ್ಲಗೆ ಸವರಿಕೊಳ್ಳುತ್ತಿದ್ದಳು. ಎಪ್ಪತ್ತು ವರ್ಷ ಸಿಂಬಿ ಹೊತ್ತು ನಡುನೆತ್ತಿಯಲ್ಲಿ ಕೂದಲು ತೆಳುವಾಗಿತ್ತು.

ಕೆಲವು ವರ್ಷಗಳ ಹಿಂದೆ ಅವ್ವನಿಗೆ ತುರ್ತಾಗಿ ಆಪರೇಷನ್ ಆಗಬೇಕಾಯಿತು. ಆಸ್ಪತ್ರೆಗೆ ಸೇರಿಸಿದ್ದು ನಾನೊಬ್ಬನೇ. ಒಂದು ಕೈಯಲ್ಲಿ ಹಾಸಿಗೆಯ ಗಂಟು, ಹೆಗಲಿಗೆ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಎಕ್ಸ್‌ರೇ, ರಿಪೋರ್ಟುಗಳ ಕವರು, ಬೆರಳಿಗೆ ನೇತುಹಾಕಿಕೊಂಡ ಬಿಸಿನೀರಿನ ಫ್ಲಾಸ್ಕು. ಅವ್ವನನ್ನು ಒಳಗೆ ಒಯ್ದರು. ನರ್ಸು ಬಂದು ಚೀಟಿ ಕೊಟ್ಟು, ಇಷ್ಟೂ ಔಷಧಿ ಕೆಳಗಿನ ಅಂಗಡಿಯಿಂದ ಈಗಲೇ ಬೇಕು ಎಂದಳು. ಪ್ರಾರ್ಥನೆ ಮಾಡಬೇಕೆಂದುಕೊಂಡೆ, ಒಂದು ವಚನವೂ ನೆನಪಾಗಲಿಲ್ಲ. ಸಾಮಾನು ಹೊತ್ತುಕೊಂಡೇ ಮೆಟ್ಟಿಲಿನ ಕಡೆ ತಿರುಗಿದೆ.

ಬೆಂಚಿನ ಮೇಲೆ ಮುದುಕರೊಬ್ಬರು ಕೂತಿದ್ದರು. ತಲೆಗೆ ಬಿಳಿ ಟೊಪ್ಪಿಗೆ, ಕೈಯಲ್ಲಿ ಜಪಮಣಿ. ಅವರ ಮನೆಯವರೂ ಒಳಗಿದ್ದರಂತೆ. ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿ, "ಆ ಗಂಟು ಇಲ್ಲಿ ಹಾಕ್ರಿ. ನಾ ಇಲ್ಲೇ ಇರ್ತೀನಿ, ನೋಡ್ಕೋತೀನಿ. ನೀವು ಹೋಗಿ ಬರ್ರಿ" ಎಂದರು.

ಹಾಸಿಗೆ, ಚೀಲ, ಕವರು, ಫ್ಲಾಸ್ಕು, ಎಲ್ಲವನ್ನೂ ಅವರ ಪಕ್ಕದಲ್ಲಿ ಹಾಕಿದೆ. ಮೆಟ್ಟಿಲು ಇಳಿದು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತೆ. ಮುಂದೆ ಏಳೆಂಟು ಜನ ಇದ್ದರು. ಕೈಯಲ್ಲಿ ಚೀಟಿ ಒಂದೇ ಇತ್ತು. ಆಗ ಆಯಿಯ ಕೀರ್ತನೆ ಮೊದಲ ಪದದಿಂದ ನೆನಪಾಗತೊಡಗಿತು.